ಅಂಗನವಾಡಿ: ಹಾಜರಿ, ಗೌರವಧನ, ಅನುದಾನ

ಬೆಂಗಳೂರಿನ ಪಶ್ಚಿಮ ಅಂಚಿನಲ್ಲಿ, ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿದ ಮೇಲೆ ಸಿಗುವ ಬ್ಯಾಡರಹಳ್ಳಿಯಂಥ ಊರಿನಲ್ಲಿ, ಆರು ವರ್ಷ ತುಂಬದ ಮಕ್ಕಳಿಗೆ ಸರ್ಕಾರದ ಕಡೆಯಿಂದ ಇರುವ ಶಾಲೆ ಎಂದರೆ ಅಂಗನವಾಡಿ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ, ಒಂದು ಕೋಣೆ, ಒಂದು ಒಲೆ, ಗೋಡೆಯ ಮೇಲೆ ಅಕ್ಷರಮಾಲೆ, ಮೂಲೆಯಲ್ಲಿ ತೂಕದ ಯಂತ್ರ: ಇದು ಅದರ ಒಟ್ಟು ಆಸ್ತಿ. ಮಕ್ಕಳೂ ತಾಯಂದಿರೂ ಕಾರ್ಯಕರ್ತೆಯನ್ನು 'ಟೀಚರ್' ಎಂದೇ ಕರೆಯುತ್ತಾರೆ. ಸರ್ಕಾರದ ಕಡತದಲ್ಲಿ ಮಾತ್ರ ಆಕೆ ಗೌರವಧನ ಪಡೆಯುವ ಸ್ವಯಂಸೇವಕಿ, ಮಗು ಫಲಾನುಭವಿ, ಕೋಣೆ ಕೇಂದ್ರ. ಈ ಹೆಸರುಗಳು ಹುಟ್ಟಿದ್ದು 1975ರಲ್ಲಿ. ಅಲ್ಲಿಂದೀಚೆಗೆ ಅಂಗನವಾಡಿಗೆ ಎಷ್ಟು ಮಕ್ಕಳು ಬಂದರು, ಅವರನ್ನು ಯಾರು ನೋಡಿಕೊಂಡರು, ಹಣ ಎಲ್ಲಿಂದ ಬಂತು ಎಂಬ ಮೂರೂ ವಿಷಯಗಳು ಆ ಹೆಸರುಗಳ ಹಿಂದೆಯೇ ನಡೆದುಕೊಂಡು ಬಂದಿವೆ.

ಚಿಕ್ಕ ಮಕ್ಕಳಿಗೆಂದೇ ಶಾಲೆ ಬೇಕು ಎಂಬ ಯೋಚನೆ ಅದಕ್ಕಿಂತ ಹಳೆಯದು. ಗಿಜುಭಾಯಿ ಬಧೇಕಾ ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದರು. ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದ ಕಾರಣದಿಂದ ಇಲ್ಲೇ ವರ್ಷಗಟ್ಟಲೆ ಉಳಿದು, ಶಿಕ್ಷಕರಿಗೆ ತರಬೇತಿ ಕೊಟ್ಟರು. ಬೆಂಗಳೂರಿನಲ್ಲಿ 'ಸರಸ್ವತಿ' ಮಾಸಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮ 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಚಾಮರಾಜಪೇಟೆಯ ಆ ಕೂಟ ಹಾಡು, ನಾಟಕ, ಆಟಗಳನ್ನು ಮಕ್ಕಳ ಹಕ್ಕು ಎಂಬಂತೆ ನೋಡಿತು. ಹೆಣ್ಣುಮಗಳೊಬ್ಬಳು ಪತ್ರಿಕೆ ನಡೆಸುವುದೇ ಅಪರೂಪವಾಗಿದ್ದ ಕಾಲದಲ್ಲಿ ಇದು ಸಣ್ಣ ಸಾಹಸವಲ್ಲ. ಆದರೂ ಇಂಥ ಸಂಸ್ಥೆಗಳು ಪೇಟೆಯ ಓದಿದ ಮನೆಗಳಿಗೆ ಹತ್ತಿರ ಇದ್ದವೇ ಹೊರತು ಹೊಲದಲ್ಲಿ ದುಡಿಯುವವರ ಕೇರಿಗೆ ಮುಟ್ಟಲಿಲ್ಲ. ಆ ಕೆಲಸಕ್ಕೆ ಕೈ ಹಾಕಿದವರು ಗಿಜುಭಾಯಿ ಅವರ ಜೊತೆಗಾರ್ತಿ ತಾರಾಬಾಯಿ ಮೋಡಕ್. ಮಹಾರಾಷ್ಟ್ರದ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದ ಆದಿವಾಸಿಗಳ ನಡುವೆ ಕೆಲಸ ಮಾಡಿದ ಅವರು, ಶಾಲೆಗೆ ಬಾರದ ಮಕ್ಕಳ ಮನೆಯಂಗಳಕ್ಕೇ ಶಾಲೆಯನ್ನು ಕೊಂಡೊಯ್ದರು. ಅಂಗಳದ ಶಾಲೆ ಎಂಬ ಅರ್ಥದಲ್ಲಿ 'ಅಂಗನವಾಡಿ' ಎಂಬ ಮಾತು ಬಂದದ್ದು ಅಲ್ಲಿಂದ. ದೇಶದ ಅತಿದೊಡ್ಡ ಶಿಶು ಯೋಜನೆಗೆ ಹೆಸರು ಕೊಟ್ಟದ್ದು ಸರ್ಕಾರಿ ಕಚೇರಿಯ ಮೇಜಲ್ಲ, ಒಬ್ಬ ಶಿಕ್ಷಕಿಯ ಪ್ರಯೋಗ ಎಂಬುದನ್ನು ಮರೆಯುವಂತಿಲ್ಲ.

ಮಾಗಡಿ ರಸ್ತೆಯ ಪೇಟೆ ತುದಿಯಲ್ಲಿ ಕಥೆ ಬೇರೆ ಇತ್ತು. ಬಿನ್ನಿ, ಮಿನರ್ವದಂಥ ಬಟ್ಟೆ ಗಿರಣಿಗಳು ಆ ಭಾಗದ ಸಾವಿರಾರು ಮನೆಗಳ ಒಲೆ ಉರಿಸುತ್ತಿದ್ದವು. 1948ರ ಕಾರ್ಖಾನೆ ಕಾಯ್ದೆ, ಹೆಚ್ಚು ಸಂಖ್ಯೆಯಲ್ಲಿ ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಲೇಬೇಕು ಎಂದಿತು. ಮೊದಲು 50 ಹೆಂಗಸರಿಗಿಂತ ಹೆಚ್ಚಿದ್ದರೆ ಎಂದಿದ್ದ ಮಿತಿಯನ್ನು 1976ರಲ್ಲಿ 30ಕ್ಕೆ ಇಳಿಸಲಾಯಿತು. ಅಂದರೆ ಕೂಲಿ ಹೆಂಗಸಿನ ಮಗುವಿಗೆ ಕಾನೂನು ಮೊದಲು ಕೊಟ್ಟದ್ದು ಶಾಲೆಯನ್ನಲ್ಲ, ತಾಯಿ ಕೆಲಸ ಮುಗಿಸುವವರೆಗೆ ಮಲಗಲು ಒಂದು ತೊಟ್ಟಿಲನ್ನು. ಗಿರಣಿಯ ಹೊರಗೆ ಮನೆಗೆಲಸ, ಕಟ್ಟಡ ಕೆಲಸ, ಹೂ-ತರಕಾರಿ ವ್ಯಾಪಾರ ಮಾಡುವವರ ಮಕ್ಕಳಿಗೆ ಅದೂ ಇರಲಿಲ್ಲ.

ಹಳ್ಳಿಗಳಿಗೆ ಬಂದದ್ದು ಬಾಲವಾಡಿ. 1952ರ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಮತ್ತು 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಶುರುವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಇದಕ್ಕೆ ಹಣ ಕೊಟ್ಟವು. ನಡೆಸಿದ್ದು ಊರಿನ ಮಹಿಳಾ ಮಂಡಳಿಗಳು. ಅನುದಾನ ಬಂದ ವರ್ಷ ಬಾಲವಾಡಿ ನಡೆಯುತ್ತಿತ್ತು, ನಿಂತ ವರ್ಷ ಬಾಗಿಲು ಹಾಕುತ್ತಿತ್ತು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಶಾಲೆ ಎಂದರೆ ಒಂದನೇ ತರಗತಿಯಿಂದ ಮೇಲೆ. 1964-66ರ ಕೊಠಾರಿ ಆಯೋಗ ಪೂರ್ವಪ್ರಾಥಮಿಕ ಶಿಕ್ಷಣದ ಮಹತ್ವವನ್ನು ಒಪ್ಪಿಕೊಂಡರೂ ಅದರ ಭಾರವನ್ನು ಹೆಚ್ಚಾಗಿ ಖಾಸಗಿಯವರ ಹೆಗಲಿಗೇ ಬಿಟ್ಟಿತು. ನಗರದಲ್ಲಿ ಬೀದಿಗೊಂದು ನರ್ಸರಿ ಕಾನ್ವೆಂಟ್ ಹುಟ್ಟಿಕೊಳ್ಳಲು ದಾರಿಯಾದದ್ದು ಇದೇ ಖಾಲಿ ಜಾಗದಿಂದ.

1974ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಮಕ್ಕಳ ನೀತಿ ಹೊರಬಿತ್ತು. ಮರು ವರ್ಷ, 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್, ದೇಶದ 33 ಕಡೆ ಪ್ರಯೋಗವಾಗಿ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ 100 ಅಂಗನವಾಡಿಗಳು ತೆರೆದವು. ಯೋಜನೆಯಲ್ಲಿ ಆರು ಸೇವೆಗಳಿದ್ದವು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆ ಇದ್ದವರನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ-ಆರೋಗ್ಯದ ತಿಳಿವಳಿಕೆ, ಮೂರರಿಂದ ಆರು ವರ್ಷದವರಿಗೆ ಅನೌಪಚಾರಿಕ ಶಾಲಾಪೂರ್ವ ಶಿಕ್ಷಣ. ಹಸಿವು ಮತ್ತು ಮಕ್ಕಳ ಸಾವು ಎದುರಿಗಿದ್ದ ಕಾಲದಲ್ಲಿ ಅನ್ನ, ಔಷಧ, ಅಕ್ಷರಗಳನ್ನು ಒಂದೇ ಸೂರಿನಡಿ ತಂದದ್ದು ದೊಡ್ಡ ದೂರದೃಷ್ಟಿ. ಆದರೆ ಆರು ಸೇವೆಗಳನ್ನೂ ಹೊರಬೇಕಾದ ಕೈಗಳು ಎರಡು ಜೋಡಿ ಮಾತ್ರ. ಶಿಕ್ಷಣಕ್ಕೆ ಅಂಟಿಸಿದ 'ಅನೌಪಚಾರಿಕ' ಎಂಬ ವಿಶೇಷಣವೂ ಸುಮ್ಮನೆ ಬಂದದ್ದಲ್ಲ. ಇದು ಶಾಲೆ ಎಂದು ಒಪ್ಪಿದರೆ ಶಿಕ್ಷಕಿಯ ಹುದ್ದೆ, ಸಂಬಳ, ಪಿಂಚಣಿ ಎಲ್ಲವನ್ನೂ ಒಪ್ಪಬೇಕಾಗುತ್ತಿತ್ತು.

ದಾಖಲಾತಿಯ ಕ್ರಮ ಶಾಲೆಗಿಂತ ಬೇರೆಯಾಗಿಯೇ ರೂಪುಗೊಂಡಿತು. ಶಾಲೆಗೆ ಮಗುವನ್ನು ಪೋಷಕರು ಕರೆತಂದು ಸೇರಿಸುತ್ತಾರೆ. ಅಂಗನವಾಡಿಯಲ್ಲಿ ಕಾರ್ಯಕರ್ತೆಯೇ ಮನೆಮನೆಗೆ ಹೋಗಿ ಸಮೀಕ್ಷೆ ಮಾಡುತ್ತಾಳೆ. ಬಸುರಿಯರು, ಬಾಣಂತಿಯರು, ಕೂಸುಗಳು, ಮೂರು ದಾಟಿದವರು, ಎಲ್ಲರ ಹೆಸರೂ ಆಕೆಯ ಪುಸ್ತಕಕ್ಕೆ ಏರುತ್ತದೆ. ಮೂರು ವರ್ಷದ ಮೇಲಿನ ಸುಮಾರು 40 ಮಕ್ಕಳು ಒಂದು ಕೇಂದ್ರಕ್ಕೆ ಬರುತ್ತಾರೆ ಎಂಬುದು ಮೊದಲಿನ ಅಂದಾಜು. ಹೀಗಾಗಿ ಪುಸ್ತಕದಲ್ಲಿರುವ ಹೆಸರು ಬೇರೆ, ಚಾಪೆಯ ಮೇಲೆ ಕೂತ ಮಕ್ಕಳು ಬೇರೆ. ಅಂಗನವಾಡಿಯ ಅಂಕಿಅಂಶ ಓದುವವರು ಈ ಅಂತರವನ್ನು ನೆನಪಿಡಬೇಕು.

ಬೆಳಗಿನ ಹೊತ್ತು ಆ ಅಂತರವನ್ನು ತುಂಬುವವಳು ಸಹಾಯಕಿ. ಬೀಗ ತೆಗೆದು, ಕಸ ಗುಡಿಸಿ, ಚಾಪೆ ಹಾಸಿ, ಆಮೇಲೆ ಬೀದಿ ಸುತ್ತಿ ಮಕ್ಕಳನ್ನು ಕೂಡಿಸಿಕೊಂಡು ಬರುತ್ತಾಳೆ. ವಠಾರದ ಒಂದು ಬಾಗಿಲಲ್ಲಿ ಮಗು ಇನ್ನೂ ಮುಖ ತೊಳೆದಿರುವುದಿಲ್ಲ, ಇನ್ನೊಂದರಲ್ಲಿ ತಾಯಿ ಪಾಳಿಗೆ ಹೊರಟು ಅಜ್ಜಿಯ ಕೈಗೆ ಬಿಟ್ಟಿರುತ್ತಾಳೆ. ಒಂದು ಕೂಸು ಸಹಾಯಕಿಯ ಸೊಂಟದ ಮೇಲೆ, ಇಬ್ಬರು ಅವಳ ಎರಡು ಕೈ ಹಿಡಿದು, ಉಳಿದವರು ಸೆರಗು ಹಿಡಿದು ಸಾಲಾಗಿ ಬರುವ ಆ ನಡಿಗೆಯೇ ಊರಿನ ಅತಿ ಚಿಕ್ಕ ಶಾಲಾ ವಾಹನ. ಕೋಣೆ ಸೇರಿದ ಮೇಲೆ ಹಾಡು, ಬಣ್ಣ, ಎಣಿಕೆ, ಕಥೆ, ನಡುವೆ ಹಾಲು, ಮಧ್ಯಾಹ್ನ ಅನ್ನ-ಸಾಂಬಾರು, ಗೊತ್ತಾದ ದಿನಗಳಲ್ಲಿ ಮೊಟ್ಟೆ. ಹಾಲು ಬಂದದ್ದು 2013ರ ಆಗಸ್ಟ್‌ನಲ್ಲಿ, ಕ್ಷೀರಭಾಗ್ಯ ಯೋಜನೆಯ ಮೂಲಕ. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಡಿ ಬಸುರಿ-ಬಾಣಂತಿಯರಿಗೂ ಅಲ್ಲೇ ಬಿಸಿಯೂಟ ಶುರುವಾಯಿತು. ಅಡುಗೆಯ ಪಾತ್ರೆ ದೊಡ್ಡದಾಯಿತು, ಅಡುಗೆ ಮಾಡುವವಳು ಒಬ್ಬಳೇ ಉಳಿದಳು.

ಶಾಲಾಪೂರ್ವ ಶಿಕ್ಷಣಕ್ಕೆ ಕರ್ನಾಟಕ 'ಚಿಲಿಪಿಲಿ' ಎಂಬ ಪಠ್ಯಕ್ರಮವನ್ನು ರೂಪಿಸಿಕೊಂಡಿತು. ಮಕ್ಕಳ ಸುತ್ತಲಿನ ವಸ್ತುಗಳಿಂದಲೇ ಪಾಠ ಕಟ್ಟುವ ಈ ಕ್ರಮ ಒಳ್ಳೆಯದೇ. ಅದು ಪೂರ್ತಿ ನಡೆಯುವುದು ಮಾತ್ರ ಕಾರ್ಯಕರ್ತೆ ಕೋಣೆಯಲ್ಲಿ ಇದ್ದ ದಿನ. ಮನೆಭೇಟಿ, ತೂಕ, ಚುಚ್ಚುಮದ್ದಿನ ದಿನ, ಸಭೆ, ಮತದಾರರ ಪಟ್ಟಿ ಪರಿಷ್ಕರಣೆ, ಬಗೆಬಗೆಯ ಸರ್ಕಾರಿ ಸಮೀಕ್ಷೆ, ಎಲ್ಲದಕ್ಕೂ ಆಕೆಯನ್ನೇ ಕರೆಯಲಾಗುತ್ತದೆ. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ಬಂದ ಮೇಲೆ ಹಾಜರಿ, ತೂಕ, ಎತ್ತರ, ಊಟದ ವಿವರ ಎಲ್ಲವನ್ನೂ ಅದರಲ್ಲಿ ತುಂಬಬೇಕು. ಅನೇಕ ಕಡೆ ಕಾಗದದ ಪುಸ್ತಕವೂ ಮುಂದುವರಿದಿದೆ. ಪಾಠದ ಹೊತ್ತು ಕರಗುವುದು ಇಲ್ಲಿಯೇ.

ಸಿಬ್ಬಂದಿಯ ಚರಿತ್ರೆಯನ್ನು ರೂಪಾಯಿಗಳಲ್ಲಿ ಹೇಳಬಹುದು. 1975ರಲ್ಲಿ ಮೆಟ್ರಿಕ್ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಆಗದವಳಿಗೆ 100 ರೂಪಾಯಿ. ಕೇಂದ್ರ ಸರ್ಕಾರ ಗೊತ್ತು ಮಾಡಿದ ಈ ಗೌರವಧನ 1992ರಲ್ಲಿ 400, 2002ರಲ್ಲಿ 1,000, 2008ರಲ್ಲಿ 1,500, 2011ರಲ್ಲಿ 3,000 ರೂಪಾಯಿಗೆ ಏರಿತು. 2018ರ ಅಕ್ಟೋಬರ್‌ನಿಂದ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ. ಇದರ ಮೇಲೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸುತ್ತದೆ. ಕರ್ನಾಟಕ 2022ರಲ್ಲಿ ಸೇವಾವಧಿ ನೋಡಿ ಕಾರ್ಯಕರ್ತೆಯರಿಗೆ 1,000ದಿಂದ 1,500 ರೂಪಾಯಿಯವರೆಗೆ, 2025ರ ಬಜೆಟ್‌ನಲ್ಲಿ ಮತ್ತೆ 1,000 ರೂಪಾಯಿ ಹೆಚ್ಚಿಸಿತು. ಸಹಾಯಕಿಯರಿಗೆ ಆ ಬಜೆಟ್‌ನಲ್ಲಿ ಸಿಕ್ಕಿದ್ದು 750 ರೂಪಾಯಿ. ಒಂದೊಂದು ಏರಿಕೆಯ ಹಿಂದೆಯೂ ಧರಣಿ ಇದೆ. 2017ರ ಮಾರ್ಚ್‌ನಲ್ಲಿ ರಾಜ್ಯದ ಮೂಲೆಮೂಲೆಯಿಂದ ಬಂದ ಸಾವಿರಾರು ಹೆಂಗಸರು ಬೆಂಗಳೂರಿನ ರಸ್ತೆಯ ಮೇಲೆಯೇ ರಾತ್ರಿಗಳನ್ನು ಕಳೆದರು. 2023ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕ್ ಅದೇ ನೋಟವನ್ನು ಮತ್ತೆ ಕಂಡಿತು.

ಕಾನೂನಿನ ದಾರಿಯಲ್ಲೂ ಕರ್ನಾಟಕದ ಹೆಜ್ಜೆ ಗುರುತಿದೆ. ಅಂಗನವಾಡಿ ಕಾರ್ಯಕರ್ತೆ ಸರ್ಕಾರಿ ನೌಕರಳೇ ಎಂಬ ಪ್ರಶ್ನೆ ರಾಜ್ಯ ಆಡಳಿತ ನ್ಯಾಯಮಂಡಳಿಯಿಂದ ಹೊರಟು ಸುಪ್ರೀಂ ಕೋರ್ಟ್ ಮುಟ್ಟಿತು. ಅಮೀರ್‌ಬಿ ಪ್ರಕರಣ ಎಂದು ಕಾನೂನು ಪುಸ್ತಕಗಳಲ್ಲಿ ಹೆಸರಾದ ಆ ತೀರ್ಪು ಬಂದದ್ದು 2006ರ ಡಿಸೆಂಬರ್‌ನಲ್ಲಿ. ಇದು ಯೋಜನೆಯಡಿಯ ಕೆಲಸ, ಆಕೆಯದು ನಾಗರಿಕ ಸೇವೆಯ ಹುದ್ದೆಯಲ್ಲ ಎಂದು ನ್ಯಾಯಾಲಯ ಹೇಳಿತು. 1975ರ ಪದಗಳಿಗೆ ಕೋರ್ಟಿನ ಮುದ್ರೆಯೂ ಬಿದ್ದಂತಾಯಿತು. ಹದಿನೈದು ವರ್ಷ ದಾಟಿದ ಮೇಲೆ, 2022ರ ಏಪ್ರಿಲ್ 25ರಂದು, ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕ ಅವರ ಪೀಠ ಬೇರೆ ಕಡೆಯಿಂದ ನೋಡಿತು. ಓಕ ಅವರು ಅದಕ್ಕೆ ಮುಂಚೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಅಂಗನವಾಡಿಯಲ್ಲಿ ನಡೆಯುವ ಶಾಲಾಪೂರ್ವ ಪಾಠ ಶಿಕ್ಷಣವೇ, ಗೌರವಧನ ಎಂದು ಕರೆದರೂ ಅದು ವೇತನವೇ, ಆದ್ದರಿಂದ ಗ್ರಾಚ್ಯುಟಿ ಕಾಯ್ದೆ ಇವರಿಗೂ ಅನ್ವಯಿಸುತ್ತದೆ ಎಂಬುದು ಆ ತೀರ್ಪಿನ ಸಾರ. ಫ್ರೀಡಂ ಪಾರ್ಕ್ ಧರಣಿಯ ಮುಖ್ಯ ಬೇಡಿಕೆಗಳಲ್ಲಿ ಇದೂ ಒಂದಾಗಿತ್ತು. ಇಡೀ ಚರಿತ್ರೆಯಲ್ಲಿ ಅಂಗನವಾಡಿಗೆ ನಿಜವಾಗಿ ತಿರುವು ಕೊಟ್ಟ ದಾಖಲೆ ಯಾವುದು ಎಂದರೆ ಈ ತೀರ್ಪನ್ನೇ ತೋರಿಸಬೇಕು.

ಹಣದ ಲೆಕ್ಕ ಮೊದಲಿಗೆ ಸರಳವಾಗಿತ್ತು: ಗೌರವಧನ ಮತ್ತು ಆಡಳಿತದ ಖರ್ಚು ಕೇಂದ್ರದ್ದು, ಆಹಾರದ ಖರ್ಚು ರಾಜ್ಯದ್ದು. 2005-06ರಿಂದ ಆಹಾರದ ಅರ್ಧ ಖರ್ಚನ್ನು ಕೇಂದ್ರ ಹೊತ್ತಿತು. 2009-10ರಲ್ಲಿ ಆಹಾರ ಬಿಟ್ಟು ಉಳಿದ ಬಾಬತ್ತುಗಳಿಗೆ ಕೇಂದ್ರದ್ದು 90, ರಾಜ್ಯದ್ದು 10 ಎಂಬ ಪ್ರಮಾಣ ಬಂತು. 2015-16 ಕಷ್ಟದ ವರ್ಷ. ರಾಜ್ಯಗಳಿಗೆ ತೆರಿಗೆಯ ಪಾಲು ಹೆಚ್ಚಿದೆ ಎಂಬ ಕಾರಣ ಕೊಟ್ಟು ಕೇಂದ್ರ ಬಜೆಟ್ ಐಸಿಡಿಎಸ್‌ಗೆ ಮೊದಲು ಇಟ್ಟ ಮೊತ್ತವನ್ನು ಹಿಂದಿನ ವರ್ಷದ 18,000 ಕೋಟಿಯಿಂದ 8,300 ಕೋಟಿ ರೂಪಾಯಿಯ ಆಸುಪಾಸಿಗೆ ಇಳಿಸಿತು. ವರ್ಷದ ನಡುವೆ ಮತ್ತೆ ಹಣ ಸೇರಿಸಬೇಕಾಯಿತು. ಪ್ರಮಾಣವೂ 60:40 ಆಯಿತು. ಈ ಲೆಕ್ಕದಲ್ಲಿ 4,500 ರೂಪಾಯಿ ಗೌರವಧನಕ್ಕೆ ಕೇಂದ್ರದ ಜೇಬಿನಿಂದ ಬರುವುದು 2,700 ರೂಪಾಯಿ. ಮಗುವಿನ ದಿನದ ಆಹಾರಕ್ಕೆ 2017ರಲ್ಲಿ ಗೊತ್ತು ಮಾಡಿದ ದರ 8 ರೂಪಾಯಿ, ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ 12 ರೂಪಾಯಿ. ಎಂಟು ರೂಪಾಯಿಗೆ 500 ಕ್ಯಾಲರಿ ಮತ್ತು 12ರಿಂದ 15 ಗ್ರಾಂ ಪ್ರೋಟೀನ್ ಒದಗಿಸಬೇಕು ಎಂಬ ಆಗಿನ ನಿಯಮವನ್ನು ಬ್ಯಾಡರಹಳ್ಳಿಯ ಯಾವುದಾದರೂ ಕಿರಾಣಿ ಅಂಗಡಿಯ ಎದುರು ನಿಂತು ಓದಿಕೊಂಡರೆ ಅದರ ಕಷ್ಟ ತಿಳಿಯುತ್ತದೆ.

ಅಂಗನವಾಡಿ ಕೇಂದ್ರಗಳ ಸಂಖ್ಯೆ ಏರಲು ಕಾರಣ ಬಜೆಟ್‌ಗಿಂತ ಹೆಚ್ಚಾಗಿ ನ್ಯಾಯಾಲಯ. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ 2001ರಲ್ಲಿ ಹೂಡಿದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಜನವಸತಿಗೂ ಅಂಗನವಾಡಿ ಇರಬೇಕು ಎಂದಿತು. 2004ರಲ್ಲಿ ಆಹಾರ ಸರಬರಾಜಿನಿಂದ ಗುತ್ತಿಗೆದಾರರನ್ನು ದೂರವಿಡಲು ಹೇಳಿತು. 2006ರ ಡಿಸೆಂಬರ್‌ನಲ್ಲಿ, ದೇಶದಲ್ಲಿ 14 ಲಕ್ಷ ಕೇಂದ್ರಗಳು ಆಗಬೇಕೆಂದೂ, ಆರು ವರ್ಷದೊಳಗಿನ 40 ಮಕ್ಕಳಿರುವ ಹಳ್ಳಿ ಅಥವಾ ಕೊಳೆಗೇರಿಯ ಜನ ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ತೆರೆಯಬೇಕೆಂದೂ ಆದೇಶಿಸಿತು. ನೂರರಿಂದ ಶುರುವಾದ ಕರ್ನಾಟಕದ ಎಣಿಕೆ ಹೀಗೆ 65,911 ಮುಟ್ಟಿತು, ಆಮೇಲೆ ಇನ್ನೂ ಬೆಳೆಯಿತು. ಆದರೆ ರಾಜ್ಯದ 204 ಐಸಿಡಿಎಸ್ ಯೋಜನೆಗಳಲ್ಲಿ ನಗರದವು 11 ಮಾತ್ರ.

ಬ್ಯಾಡರಹಳ್ಳಿಯ ಕಡೆಯವರಿಗೆ ಈ ಕೊನೆಯ ಅಂಕಿ ಮುಖ್ಯ. 400ರಿಂದ 800 ಜನಕ್ಕೆ ಒಂದು ಕೇಂದ್ರ ಎಂಬುದು ನಿಯಮ. ಹಳ್ಳಿಯ ಜನಸಂಖ್ಯೆಗೆ ಹೊಂದುವ ಈ ಅಳತೆ ಮಾಗಡಿ ರಸ್ತೆಯ ಬೆಳವಣಿಗೆಯ ಜೊತೆ ಓಡಲಾರದೆ ಹೋಯಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ತಲೆಯೆತ್ತಿತು. ಮುಂದೆ ಗಾರ್ಮೆಂಟ್ಸ್ ಕಾರ್ಖಾನೆಗಳು ಬಂದವು. ಸುಂಕದಕಟ್ಟೆ, ಹೇರೋಹಳ್ಳಿ, ಅಂದ್ರಹಳ್ಳಿ, ಬ್ಯಾಡರಹಳ್ಳಿಗಳ ರಾಗಿ ಹೊಲಗಳು ಕಂದಾಯ ಬಡಾವಣೆಗಳಾಗಿ, ಮೂವತ್ತು-ನಲವತ್ತರ ಸೈಟುಗಳಾಗಿ, ಒಂದೊಂದು ಸೈಟಿನ ಮೇಲೆ ಮೂರು-ನಾಲ್ಕು ಬಾಡಿಗೆ ಮನೆಗಳಾಗಿ ಮಾರ್ಪಟ್ಟವು. ಬೆಂಗಳೂರಿನ ಜನಸಂಖ್ಯೆ 2001ರಲ್ಲಿ ಸುಮಾರು 57 ಲಕ್ಷ ಇದ್ದದ್ದು 2011ಕ್ಕೆ ಸುಮಾರು 85 ಲಕ್ಷವಾಯಿತು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ರಸ್ತೆ, ನೀರು, ಕಸದ ವಿಚಾರದಲ್ಲಿ ಊರುಗಳು ನಗರವಾದವು. ಹೊಸ ಅಂಗನವಾಡಿಗೆ ಜಾಗ ಮಾತ್ರ ಉಳಿದಿರಲಿಲ್ಲ. ಹಳ್ಳಿಯಲ್ಲಿ ಗೋಮಾಳವೋ ಶಾಲೆಯ ಮೂಲೆಯೋ ಸಿಗುತ್ತದೆ. ಅಡಿಗೆ ಸಾವಿರಗಟ್ಟಲೆ ಬೆಲೆ ಬಾಳುವ ಬಡಾವಣೆಯಲ್ಲಿ ಸಿಗುವುದು ಬಾಡಿಗೆಯ ಒಂದು ಕೋಣೆ, ಆಟಕ್ಕೆ ಮೆಟ್ಟಿಲ ಬುಡ. ಅಂಗಳದಿಂದ ಹೆಸರು ಪಡೆದ ಶಾಲೆಗೆ ಅಂಗಳವೇ ಇಲ್ಲದಂತಾಯಿತು.

ಬಾಡಿಗೆ ಮನೆಯ ಕುಟುಂಬಗಳು ಊರಿಂದೂರಿಗೆ ಹೋಗುತ್ತಿರುತ್ತವೆ. ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗು ಆಷಾಢದಲ್ಲಿ ಇದ್ದು ಯುಗಾದಿಯ ಹೊತ್ತಿಗೆ ಇರುವುದಿಲ್ಲ. ಸಂಬಳ ಸ್ವಲ್ಪ ಗಟ್ಟಿಯಾದ ಮನೆಯವರು ಮೂರೂವರೆ ವರ್ಷಕ್ಕೇ ಮಗುವಿಗೆ ಟೈ ಕಟ್ಟಿ ಎಲ್‌ಕೆಜಿಗೆ ಕಳಿಸುತ್ತಾರೆ. ಹಾಗಾಗಿ ಅಂಗನವಾಡಿಯಲ್ಲಿ ಮೂರು ವರ್ಷದವರು ತುಂಬಿ, ಐದರವರು ವಿರಳ. ಇದು ತಾಯಂದಿರ ತಪ್ಪಲ್ಲ. ಇಂಗ್ಲಿಷ್ ಅಕ್ಷರ ಕಲಿಯದೆ ಒಂದನೇ ತರಗತಿಗೆ ಹೋದರೆ ಮಗು ಹಿಂದೆ ಬೀಳುತ್ತದೆ ಎಂಬ ಅವರ ಭಯಕ್ಕೆ ಅಂಗನವಾಡಿ ಬಹುಕಾಲ ಉತ್ತರವನ್ನೇ ಕೊಡಲಿಲ್ಲ. ಕೊರೊನಾ ಕಾಲ ಈ ಸೋರಿಕೆಯನ್ನು ಹೆಚ್ಚಿಸಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕೇಂದ್ರಗಳು ಮಕ್ಕಳಿಗೆ ಮತ್ತೆ ತೆರೆದದ್ದು 2021ರ ನವೆಂಬರ್ 8ರಂದು. ಅಷ್ಟರಲ್ಲಿ ಮೂರು ತುಂಬಿದ್ದವರಿಗೆ ಐದು ಸಮೀಪಿಸಿತ್ತು.

ಕಾಯ್ದೆಯ ಮಟ್ಟದಲ್ಲೂ ಈ ವಯಸ್ಸು ಎರಡು ಮಡಿಲ ನಡುವೆ ಬಿದ್ದಿದೆ. 2002ರ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕರವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿ, ಆರರೊಳಗಿನವರನ್ನು ರಾಜ್ಯನೀತಿಯ ನಿರ್ದೇಶಕ ತತ್ವಕ್ಕೆ ಬಿಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮು, ಮೂರರಿಂದ ಆರರವರಿಗೆ ಸರ್ಕಾರ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ಮಾಡಬಹುದು ಎನ್ನುತ್ತದೆ, ಮಾಡಲೇಬೇಕು ಎನ್ನುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತ ಎಂದು ಕರೆದ ಮೇಲೆ ಎರಡು ಇಲಾಖೆಗಳು ಒಂದೇ ಮಗುವಿನತ್ತ ಕೈ ಚಾಚಿದವು. ಶಿಕ್ಷಣ ಇಲಾಖೆ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲೂ ಆಯ್ದ ಸರ್ಕಾರಿ ಶಾಲೆಗಳಲ್ಲೂ ಎಲ್‌ಕೆಜಿ, ಯುಕೆಜಿ ತೆರೆಯತೊಡಗಿತು. ಮಕ್ಕಳು ಅತ್ತ ಹೋದರೆ ತಮ್ಮ ಕೇಂದ್ರ ಖಾಲಿಯಾಗುತ್ತದೆ ಎಂದು ಕಾರ್ಯಕರ್ತೆಯರು 2024ರ ಜೂನ್‌ನಲ್ಲಿ ಬೀದಿಗಿಳಿದರು. ಅದೇ ವರ್ಷದ ಜುಲೈನಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಬೆಂಗಳೂರಿನ 250 ಅಂಗನವಾಡಿಗಳನ್ನು 'ಸರ್ಕಾರಿ ಮಾಂಟೆಸ್ಸರಿ'ಗಳನ್ನಾಗಿ ಮೇಲ್ದರ್ಜೆಗೆ ಏರಿಸಿ ಎಲ್‌ಕೆಜಿ, ಯುಕೆಜಿ ಶುರು ಮಾಡಿತು. ಅಡ್ಯಾರಿನಲ್ಲಿ 1939ರಲ್ಲಿ ಇಳಿದ ಹೆಸರು ಕೂಲಿಕಾರರ ವಠಾರದ ಬಾಗಿಲಿಗೆ ಬರಲು 85 ವರ್ಷ ಹಿಡಿಯಿತು.

ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ರಾಜ್ಯದ ನಿಯಮ 2025-26ರಿಂದ ಜಾರಿಗೆ ಬರಬೇಕಿತ್ತು. ಪೋಷಕರ ಒತ್ತಾಯಕ್ಕೆ ಮಣಿದು ಆ ಒಂದು ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಆರರ ನಿಯಮ ಗಟ್ಟಿಯಾಗಿ ನಿಂತರೆ ಅಂಗನವಾಡಿಯ ಮಗುವಿಗೆ ಪೂರ್ತಿ ಮೂರು ವರ್ಷದ ಪಾಠ ಸಿಗುತ್ತದೆ, ಐದರವರ ಜಾಗ ಚಾಪೆಯ ಮೇಲೆ ಮತ್ತೆ ತುಂಬುತ್ತದೆ. ಅದಕ್ಕೆ ಪಾಠಕ್ಕೆಂದೇ ಒಬ್ಬ ಶಿಕ್ಷಕಿ, ಆಹಾರ-ಆರೋಗ್ಯದ ಕೆಲಸಕ್ಕೆ ಇನ್ನೊಬ್ಬರು ಬೇಕು. ಆ ಎರಡನೆಯ ಹುದ್ದೆಗೆ ಹಣ ಇಡುವುದು ಕೇಂದ್ರ ಮತ್ತು ರಾಜ್ಯ ಎರಡೂ ಸರ್ಕಾರಗಳು ಕೂಡಲೇ ಮಾಡಬೇಕಾದ ಕೆಲಸ. ಕೇಂದ್ರದ ಗೌರವಧನ 2018ರ ಅಕ್ಟೋಬರ್‌ನಲ್ಲಿ ಎಷ್ಟಿತ್ತೋ 2025ರಲ್ಲೂ ಅಷ್ಟೇ ಇತ್ತು: 4,500 ರೂಪಾಯಿ.